ಇನ್ಸರ್ಟ್ ಮೊದಲೋ, ಮೊಣಕಾಲಿನ ಪ್ಯಾಡ್ ಮೊದಲೋ: ಬೆಟ್ಟದ ಸೈಕಲ್‌ಗೆ ದುಡ್ಡು ಹಾಕುವ ಮುಂಚೆ

ಹಿಂದಿನ ಚಕ್ರ ಕಲ್ಲಿಗೆ ಬಡಿದಾಗ ಎರಡು ಥರ ಸದ್ದು ಬರುತ್ತದೆ. ಒಂದು ‘ದಪ್’ ಅನ್ನುತ್ತದೆ. ಟೈರ್ ಒತ್ತಿಕೊಂಡು ಮತ್ತೆ ಉಬ್ಬಿತು, ಏನೂ ಆಗಲಿಲ್ಲ ಅಂತ. ಇನ್ನೊಂದು ‘ಟಣ್’ ಅನ್ನುತ್ತದೆ. ಟೈರ್ ಪೂರ್ತಿ ಅಪ್ಪಚ್ಚಿಯಾಗಿ ರಿಮ್ ಹೋಗಿ ಕಲ್ಲಿಗೆ ತಾಗಿದೆ. ಈ ಎರಡನೇ ಸದ್ದು ಒಮ್ಮೆ ಕೇಳಿದರೆ ಸಾಕು, ಹೊಟ್ಟೆಯೊಳಗೆ ಏನೋ ಆಗುತ್ತದೆ. ಮನೆಗೆ ಬಂದ ತಕ್ಷಣ ಟೈರ್ ಇನ್ಸರ್ಟ್, ಅಂದರೆ ರಿಮ್ ಕಾಯುವುದಕ್ಕೆ ಟೈರಿನೊಳಗೆ ಕೂರಿಸುವ ಫೋಮ್ ಬಳೆ, ಹುಡುಕಲು ಕೂರುತ್ತೇವೆ.

ನಾನೂ ಹಾಗೇ ಶುರು ಮಾಡಿದವನು. ಆರು ವರ್ಷದಲ್ಲಿ ದಪ್ಪ ಇನ್ಸರ್ಟ್, ತೆಳು ಇನ್ಸರ್ಟ್, ಇನ್ಸರ್ಟ್ ಇಲ್ಲದ ಗಟ್ಟಿ ಟೈರ್, ಮೂರನ್ನೂ ಓಡಿಸಿದ್ದೇನೆ. ನನ್ನ ಸೈಕಲ್‌ಗೆ 29 ಇಂಚಿನ ಚಕ್ರ, ಮುಂದೆ 140 ಮಿ.ಮೀ. ಸಸ್ಪೆನ್ಷನ್. ನನ್ನ ತೂಕ 74 ಕಿಲೋ. ವಾರಾಂತ್ಯಕ್ಕೆ ದೇವನಹಳ್ಳಿ ಆಚೆಯ ಅವತಿ ಬೆಟ್ಟ, ಮಳೆ ಮುಗಿದ ಮೇಲೆ ಸಕಲೇಶಪುರ ಕಡೆಯ ತೋಟದ ದಾರಿಗಳು, ವರ್ಷಕ್ಕೊಂದೆರಡು ಸಲ ಮಣಿಪಾಲದ ಮುರಕಲ್ಲು. ಕೆಳಗೆ ಬರೆದಿರುವುದೆಲ್ಲ ಈ ನೆಲದ ಲೆಕ್ಕ. ಹೊರದೇಶದ ವಿಮರ್ಶೆಗಳು ನಮಗೆ ಅರ್ಧ ಮಾತ್ರ ಹೊಂದುತ್ತವೆ. ಅವನ್ನು ಬರೆಯುವವರಲ್ಲಿ ಹೆಚ್ಚಿನವರು ಬಳ್ಳಾರಿ ಜಾಲಿಯ ಮುಳ್ಳಿನ ಮೇಲೆ ಸೈಕಲ್ ಓಡಿಸಿದವರಲ್ಲ.

ಮೊದಲು ಹಳೇ ಗಾಯ ನೋಡಿ

ಏನನ್ನೂ ಕೊಳ್ಳುವ ಮುಂಚೆ ಒಂದು ಕೆಲಸ ಮಾಡಿ. ಕಳೆದ ವರ್ಷ ನಿಮ್ಮ ಟೈರ್ ಎಷ್ಟು ಸಲ ಕೈಕೊಟ್ಟಿತು, ಯಾಕೆ ಕೈಕೊಟ್ಟಿತು ಅಂತ ನೆನಪು ಮಾಡಿಕೊಂಡು ಬರೆಯಿರಿ. ಹಳೇ ಟ್ಯೂಬ್ ಎಸೆಯದೆ ಇಟ್ಟಿದ್ದರೆ ಇನ್ನೂ ಒಳ್ಳೆಯದು, ಗಾಯ ಅದರ ಮೇಲೇ ಇರುತ್ತದೆ.

ಟ್ಯೂಬಿನ ಹೊರಮೈಯಲ್ಲಿ ಒಂದೇ ಒಂದು ಸಣ್ಣ ತೂತು ಇದ್ದರೆ ಅದು ಮುಳ್ಳು. ಜಾಲಿ ಇರಬಹುದು, ನೆಗ್ಗಿಲು ಇರಬಹುದು. ಅಕ್ಕಪಕ್ಕ ಎರಡು ಸೀಳು, ಹಾವು ಕಚ್ಚಿದ ಹಾಗೆ ಇದ್ದರೆ ಅದು ಟೈರ್ ಅಪ್ಪಚ್ಚಿಯಾಗಿ ಟ್ಯೂಬ್ ರಿಮ್ಮಿಗೆ ಸಿಕ್ಕಿಕೊಂಡದ್ದು. ಟೈರಿನ ಪಕ್ಕದ ಗೋಡೆಯೇ ಹರಿದಿದ್ದರೆ ಅದು ಚೂಪು ಕಲ್ಲಿನ ಕೆಲಸ. ರಿಮ್ಮಿನ ಅಂಚಿನಲ್ಲಿ ತಗ್ಗು ಬಿದ್ದಿದ್ದರೆ ಅದು ‘ಟಣ್’.

ಈ ನಾಲ್ಕಕ್ಕೂ ಮದ್ದು ಬೇರೆ ಬೇರೆ. ಮುಳ್ಳಿಗೆ ಟ್ಯೂಬ್‌ಲೆಸ್ (ಟ್ಯೂಬೇ ಇಲ್ಲದ ಟೈರ್) ಮತ್ತು ಸೀಲಂಟ್ (ತೂತು ಮುಚ್ಚಲು ಟೈರೊಳಗೆ ಹಾಕುವ ದ್ರವ). ಪಕ್ಕದ ಗೋಡೆ ಹರಿಯುವುದಕ್ಕೆ ಗಟ್ಟಿ ಕೇಸಿಂಗ್, ಅಂದರೆ ಗಟ್ಟಿ ಮೈ, ಇರುವ ಟೈರ್. ಹಾವು ಕಚ್ಚಿದ್ದಕ್ಕೂ ರಿಮ್ ತಗ್ಗಿಗೂ ಮಾತ್ರ ಇನ್ಸರ್ಟ್. ನನ್ನ ಮೊದಲ ವರ್ಷದ ಪಟ್ಟಿ ಬರೆದು ನೋಡಿದಾಗ ಒಂಬತ್ತರಲ್ಲಿ ಏಳು ಮುಳ್ಳು. ಆ ಏಳಕ್ಕೂ ಇನ್ಸರ್ಟ್‌ನಿಂದ ಏನೂ ಆಗುತ್ತಿರಲಿಲ್ಲ. ಮುಳ್ಳು ಟೈರನ್ನು ಚುಚ್ಚಿ ಗಾಳಿ ಹೋದ ಮೇಲೂ ರಿಮ್ಮಿನ ಸುತ್ತ ಇರುವ ಫೋಮ್ ಸುಮ್ನೆ ಕೂತಿರುತ್ತದೆ, ಅಷ್ಟೇ.

ಹಾಗಾಗಿ ನೀವು ಇನ್ನೂ ಟ್ಯೂಬ್ ಹಾಕಿಯೇ ಓಡಿಸುತ್ತಿದ್ದರೆ ಇನ್ಸರ್ಟ್ ಮಾತು ಆಮೇಲೆ. ಮೊದಲು ಟ್ಯೂಬ್‌ಲೆಸ್ ಮಾಡಿಸಿ. 29 ಇಂಚಿನ 2.4 ಅಗಲದ ಟೈರಿಗೆ ಸುಮಾರು 100 ಮಿ.ಲೀ. ಸೀಲಂಟ್ ಬೇಕು. ನಮ್ಮ ಬಯಲುಸೀಮೆಯ ಬಿಸಿಲಿಗೆ ಅದು ಎರಡು ಮೂರು ತಿಂಗಳಲ್ಲಿ ಒಣಗಿ ರಬ್ಬರ್ ಚೂರಾಗುತ್ತದೆ. ಚಕ್ರ ಬಿಚ್ಚಿ ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿ. ಒಳಗೆ ನೀರು ತುಳುಕಿದ ಸದ್ದು ಬರದಿದ್ದರೆ ಸೀಲಂಟ್ ಮುಗಿದಿದೆ. ಯುಗಾದಿಗೆ ಮುಂಚೆ ಒಮ್ಮೆ ತುಂಬಿಸಿಬಿಟ್ಟರೆ ಬೇಸಿಗೆಯ ಅರ್ಧ ತಲೆನೋವು ಹೋಗುತ್ತದೆ.

ಇನ್ಸರ್ಟ್‌ಗಳಲ್ಲಿ ಯಾವುದು

ಸರಿ, ನಿಮ್ಮ ಪಟ್ಟಿಯಲ್ಲಿ ‘ಟಣ್’ ಇದೆ ಅಂದುಕೊಳ್ಳೋಣ. ಈಗ ಆರಿಸಬೇಕು.

ದಪ್ಪ ಜಾತಿಯಲ್ಲಿ ಎಲ್ಲರಿಗೂ ಗೊತ್ತಿರುವ ಹೆಸರು ಕುಶ್‌ಕೋರ್. ಅಮೆರಿಕದ ಒರೆಗಾನ್ ರಾಜ್ಯದ್ದು. ಇದರ ಪ್ರೋ ಮಾದರಿ 29 ಇಂಚಿನ ಚಕ್ರಕ್ಕೆ ಒಂದೊಂದು ಸುಮಾರು 280 ಗ್ರಾಂ ತೂಗುತ್ತದೆ. ರಿಮ್ಮನ್ನು ಬಿಗಿಯಾಗಿ ತಬ್ಬಿಕೊಂಡು ಕೂರುತ್ತದೆ, ಟೈರಿನ ಎರಡೂ ಪಕ್ಕಕ್ಕೆ ಒತ್ತಿಕೊಂಡಿರುತ್ತದೆ. ಅದಕ್ಕೇ ಇದು ರಿಮ್ ಉಳಿಸುವುದರ ಜೊತೆಗೆ ಓಡಿಸುವ ಅನುಭವವನ್ನೇ ಬದಲಿಸುತ್ತದೆ. ಮೆಟ್ಟಿಲಿನ ಥರ ಇಳಿಯುವ ಬಂಡೆಯಲ್ಲಿ ಟೈರ್ ಚೆಂಡಿನ ಹಾಗೆ ಪುಟಿಯುವುದಿಲ್ಲ, ನೆಲಕ್ಕೆ ಅಂಟಿಕೊಂಡು ಹೋಗುತ್ತದೆ. ಜೋರಾಗಿ ತಿರುವು ತೆಗೆದುಕೊಂಡಾಗ ಟೈರ್ ಪಕ್ಕಕ್ಕೆ ಮಡಚುವುದಿಲ್ಲ. ಮೊದಲ ದಿನ ಇಳಿಜಾರಿನಲ್ಲಿ ನನಗೆ ಸೈಕಲ್ಲೇ ಬೇರೆ ಅನ್ನಿಸಿತ್ತು.

ಏರುವಾಗಲೂ ಬೇರೆ ಅನ್ನಿಸಿತು. ಎರಡೂ ಚಕ್ರಕ್ಕೆ ಸೇರಿ ಅರ್ಧ ಕಿಲೋಗಿಂತ ಜಾಸ್ತಿ. ಅದೂ ತಿರುಗುವ ಜಾಗದಲ್ಲಿ. ನಮ್ಮಲ್ಲಿ ಯಾರೂ ಸೈಕಲ್ಲನ್ನು ಲಿಫ್ಟ್‌ನಲ್ಲಿ ಮೇಲೆ ಒಯ್ಯುವುದಿಲ್ಲ. ಪ್ರತಿ ಇಳಿಜಾರನ್ನೂ ಮೊದಲು ತುಳಿದೇ ಹತ್ತಬೇಕು ಅಲ್ವಾ? ನನಗೆ ಅದೇ ದೊಡ್ಡ ಲೆಕ್ಕ. ಬೆಲೆಯೂ ಕಮ್ಮಿಯಲ್ಲ. ಅಮೆರಿಕದಲ್ಲೇ ಜೋಡಿಗೆ 100 ಡಾಲರ್ ದಾಟುತ್ತದೆ, ಇಲ್ಲಿಗೆ ತರಿಸಿದರೆ ಮೇಲೆ ಸುಂಕ. ಇದೇ ಕಂಪನಿಯ ಎಕ್ಸ್‌ಸಿ ಮಾದರಿ ಸುಮಾರು 150 ಗ್ರಾಂ, ಟ್ರೇಲ್ ಮಾದರಿ ಎರಡರ ನಡುವೆ.

ತೆಳು ಜಾತಿಯಲ್ಲಿ ಬ್ರಿಟನ್ನಿನ ರಿಮ್‌ಪ್ಯಾಕ್ಟ್, ಫಿನ್ಲೆಂಡಿನ ಹಕ್ ನಾರಿಸ್ ಇವೆ. ನೂರು ಗ್ರಾಂ ಆಸುಪಾಸು. ಇವು ಟೈರಿನ ಪಕ್ಕವನ್ನು ಒತ್ತುವುದಿಲ್ಲ, ಒಳಗೆ ಸಡಿಲವಾಗಿ ಕೂತಿರುತ್ತವೆ. ಮಾಮೂಲಿ ಓಡಾಟದಲ್ಲಿ ಇದೆಯೋ ಇಲ್ಲವೋ ಗೊತ್ತೇ ಆಗುವುದಿಲ್ಲ. ಟೈರ್ ಪೂರ್ತಿ ಕುಸಿದ ಆ ಒಂದು ಕ್ಷಣಕ್ಕೆ ರಿಮ್ಮಿಗೂ ಕಲ್ಲಿಗೂ ನಡುವೆ ಬಂದು ನಿಲ್ಲುತ್ತವೆ. ‘ಟಣ್’ ಅನ್ನಬೇಕಾದದ್ದು ‘ದಬ್’ ಅನ್ನುತ್ತದೆ. ಹಾಕುವುದು ಸುಲಭ, ತೆಗೆಯುವುದು ಸುಲಭ. ನಾನು ಈಗ ಓಡಿಸುತ್ತಿರುವುದು ಈ ಜಾತಿಯದ್ದೇ, ಹಿಂದಿನ ಚಕ್ರಕ್ಕೆ ಮಾತ್ರ.

ಕೊರಿಯಾದ ಟ್ಯಾನಸ್ ಆರ್ಮರ್ ಇವೆರಡಕ್ಕಿಂತ ಬೇರೆ ವಿಚಾರ. ಇದು ಟ್ಯೂಬಿಗೂ ಟೈರಿಗೂ ನಡುವೆ ಕೂರುವ ಫೋಮ್ ಕವಚ. ನೆಲಕ್ಕೆ ತಾಗುವ ಕಡೆ 15 ಮಿ.ಮೀ. ದಪ್ಪ ಇರುತ್ತದೆ. ಹೆಚ್ಚಿನ ಮುಳ್ಳುಗಳು ಅಷ್ಟು ಒಳಗೆ ಹೋಗುವುದಿಲ್ಲ. ಮುಳ್ಳನ್ನು ತಡೆಯುವ ಇನ್ಸರ್ಟ್ ಅಂತ ಹೇಳಬಹುದಾದದ್ದು ಇದೊಂದೇ. ನಿಮ್ಮದು ಆರಂಭದ ಬೆಲೆಯ ಸೈಕಲ್ ಆಗಿದ್ದು, ರಿಮ್ ಟ್ಯೂಬ್‌ಲೆಸ್‌ಗೆ ಒಗ್ಗದೆ ಇದ್ದು, ವಾರದಲ್ಲಿ ಆಫೀಸಿಗೂ ಅದರಲ್ಲೇ ಹೋಗುವವರಾದರೆ ಇದನ್ನು ಯೋಚಿಸಿ. ಉರುಳುವಿಕೆ ಸ್ವಲ್ಪ ಮಂದವಾಗುತ್ತದೆ, ಚಕ್ರ ಭಾರವಾಗುತ್ತದೆ. ಆದರೆ ಬೆಳಗ್ಗೆ ಎಂಟು ಗಂಟೆಗೆ ರಸ್ತೆ ಬದಿಯಲ್ಲಿ ಪಂಕ್ಚರ್ ಹಾಕುತ್ತ ಕೂರುವುದು ತಪ್ಪುತ್ತದೆ.

ಶ್ವಾಲ್ಬೆಯ ಪ್ರೋಕೋರ್ ಅಂತ ಒಂದಿತ್ತು, 2014ರ ಸುಮಾರಿಗೆ ಬಂದದ್ದು. ಟೈರೊಳಗೆ ಇನ್ನೊಂದು ಸಣ್ಣ ಟ್ಯೂಬ್ ಇಟ್ಟು ಅದಕ್ಕೆ 55ರಿಂದ 85 ಪಿಎಸ್‌ಐ ಗಾಳಿ ತುಂಬುವ ಏರ್ಪಾಡು. ಯೋಚನೆ ಚೆನ್ನಾಗಿತ್ತು. ಈಗ ಹಳೇ ಸಾಮಾನಾಗಿ ಸಿಕ್ಕಿದರೂ ಬಿಡಿಭಾಗಕ್ಕೆ ಪರದಾಡಬೇಕು, ಬಿಟ್ಟುಬಿಡಿ.

ಎಸಿ ಪೈಪಿಗೆ ಸುತ್ತುವ ಕಪ್ಪು ಫೋಮನ್ನು ಕತ್ತರಿಸಿ ಒಳಗೆ ಹಾಕುವವರಿದ್ದಾರೆ. ನಮ್ಮ ಗುಂಪಿನಲ್ಲೇ ಇಬ್ಬರು ಹಾಕಿದ್ದರು. ಒಂದೂವರೆ ತಿಂಗಳಿಗೆ ಬಿಚ್ಚಿ ನೋಡಿದರೆ ಫೋಮ್ ಸೀಲಂಟನ್ನೆಲ್ಲ ಕುಡಿದು ಊದಿಕೊಂಡಿತ್ತು, ಬಡಿತ ಬಿದ್ದ ಕಡೆಯೆಲ್ಲ ಹರಿದು ಚಿಂದಿಯಾಗಿತ್ತು. ಇನ್ಸರ್ಟ್ ಅಂತಲೇ ಮಾಡಿದ ಫೋಮಿನ ಗುಳ್ಳೆಗಳು ಮುಚ್ಚಿಕೊಂಡಿರುತ್ತವೆ, ದ್ರವ ಕುಡಿಯುವುದಿಲ್ಲ. 

ಯಾವುದನ್ನೇ ಹಾಕಿ, ವಾಲ್ವ್ ನೋಡಿಕೊಳ್ಳಿ. ಮಾಮೂಲಿ ವಾಲ್ವಿನ ತಳದಲ್ಲಿ ಒಂದೇ ತೂತಿರುತ್ತದೆ, ಫೋಮ್ ಅದನ್ನು ಮುಚ್ಚಿಬಿಡುತ್ತದೆ. ಪಕ್ಕದಲ್ಲೂ ತೂತಿರುವ ವಾಲ್ವ್ ಬೇಕು.

ದಾರಿ ಮಧ್ಯೆ ಬಿಚ್ಚಬೇಕಾಗಿ ಬಂದರೆ

ಇದನ್ನು ಯಾರೂ ಮೊದಲೇ ಹೇಳುವುದಿಲ್ಲ, ಅದಕ್ಕೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಒಂದು ಏಪ್ರಿಲ್ ತಿಂಗಳ ಭಾನುವಾರ. ಅವತಿ ಬೆಟ್ಟದ ಹಿಂದಿನ ಇಳಿಜಾರು. ಎರಡೂ ಚಕ್ರದಲ್ಲಿ ದಪ್ಪ ಇನ್ಸರ್ಟ್. ಒಡೆದ ಬಂಡೆಯ ಅಂಚೊಂದು ಹಿಂದಿನ ಟೈರಿನ ಪಕ್ಕವನ್ನು ಎರಡು ಬೆರಳಷ್ಟು ಉದ್ದಕ್ಕೆ ಸೀಳಿತು. ಬಿಳಿ ಸೀಲಂಟ್ ಚಿಮ್ಮಿ ಕಾಲಿಗೆಲ್ಲ ಬಿತ್ತು. ತೂತು ಮುಚ್ಚುವ ಪ್ಲಗ್ ಒಂದು ತುರುಕಿದೆ, ಎರಡು ತುರುಕಿದೆ, ನಿಲ್ಲಲಿಲ್ಲ. ಟ್ಯೂಬ್ ಹಾಕಲೇಬೇಕು. ಟ್ಯೂಬ್ ಹಾಕಬೇಕಾದರೆ ಇನ್ಸರ್ಟ್ ಹೊರಗೆ ಬರಬೇಕು.

ರಿಮ್ಮಿನಲ್ಲಿ ಟೈರಿನ ಅಂಚು ಇಳಿಯುವುದಕ್ಕೆ ನಡುವೆ ಒಂದು ಕಾಲುವೆ ಇರುತ್ತದೆ. ಆ ಕಾಲುವೆಯ ಮೇಲೆಯೇ ಇನ್ಸರ್ಟ್ ಕೂತಿರುತ್ತದೆ. ಅದನ್ನು ಒಂದು ಮೊಣಕಾಲಿನಿಂದ ಒತ್ತಿ ಹಿಡಿದು, ಟೈರಿನ ಅಂಚನ್ನು ಕೆಳಗೆ ತಳ್ಳಿ, ಟೈರ್ ಮೀಟುವ ಲಿವರ್ ತೂರಿಸಬೇಕು. ಕೈಯೆಲ್ಲ ಸೀಲಂಟ್ ಆಗಿ ಜಾರುತ್ತದೆ. ಬಿಸಿಲು ಏರುತ್ತಿತ್ತು. ಒಂದು ಲಿವರ್ ಮುರಿಯಿತು. ಗೆಳೆಯನ ಲಿವರ್ ಸೇರಿಸಿ ಮೂರರಲ್ಲಿ ಎಳೆದಾಗ ಟೈರ್ ಬಿಟ್ಟುಕೊಂಡಿತು. ಒಟ್ಟು 50 ನಿಮಿಷ. ಹೊರಬಂದ ಇನ್ಸರ್ಟ್ ಬ್ಯಾಗಿಗೆ ಹಿಡಿಸುವುದಿಲ್ಲ. ಅದನ್ನು ಹೆಗಲಿಗೆ ಅಡ್ಡ ಹಾಕಿಕೊಂಡೇ ಹೆದ್ದಾರಿಯವರೆಗೆ ಬಂದೆ. ಅಂಗಿಯ ಮೇಲಿನ ಸೀಲಂಟ್ ಕಲೆ ಇವತ್ತಿಗೂ ಹೋಗಿಲ್ಲ.

ಎರಡು ಪಾಠ ಸಿಕ್ಕವು. ಗಾಯ ಆದದ್ದು ಪಕ್ಕದ ಗೋಡೆಗೆ. ಇನ್ಸರ್ಟ್ ರಿಮ್ಮನ್ನು ಕಾದಿತ್ತು, ಆದರೆ ಆ ದಿನ ರಿಮ್ಮಿಗೆ ಅಪಾಯವೇ ಇರಲಿಲ್ಲ. ಎರಡನೆಯದು, ಗಾಳಿ ಇಲ್ಲದಿದ್ದರೂ ದಪ್ಪ ಇನ್ಸರ್ಟ್ ಮೇಲೆ ನಿಧಾನವಾಗಿ ಉರುಳಿಕೊಂಡು ಬರಬಹುದಿತ್ತು. ಮೂರು ಕಿಲೋಮೀಟರ್ ಒಳಗೆ ರಸ್ತೆ ಇದ್ದರೆ ಈಗ ನಾನು ಬಿಚ್ಚುವುದಕ್ಕೇ ಹೋಗುವುದಿಲ್ಲ. ನಡಿಗೆಯ ವೇಗದಲ್ಲಿ ಉರುಳಿಸಿಕೊಂಡು ಬರುತ್ತೇನೆ. ತಿರುವಿನಲ್ಲಿ ಮಾತ್ರ ಇಳಿದು ತಳ್ಳಬೇಕು, ಟೈರ್ ಜಾರಿ ರಿಮ್ಮಿನಿಂದ ಕಳಚಿಕೊಳ್ಳುತ್ತದೆ.

ಗಟ್ಟಿ ಟೈರೋ, ಇನ್ಸರ್ಟೋ

ಆ ಭಾನುವಾರದ ನಂತರ ನಾನು ಇನ್ಸರ್ಟ್ ತೆಗೆದು ಗಟ್ಟಿ ಕೇಸಿಂಗ್ ಟೈರಿಗೆ ಹೋದೆ. ಮ್ಯಾಕ್ಸಿಸ್ ಕಂಪನಿಯ ಟೈರಿನಲ್ಲಿ ಎಕ್ಸೋ ಅನ್ನುವುದು ಹಗುರ, ಡಬಲ್‌ಡೌನ್ ಅನ್ನುವುದು ಎರಡು ಪದರದ್ದು. ಶ್ವಾಲ್ಬೆಯಲ್ಲಿ ಸೂಪರ್ ಟ್ರೇಲ್ ಮತ್ತು ಸೂಪರ್ ಗ್ರಾವಿಟಿ ಅಂತ. ಹಗುರದಿಂದ ಗಟ್ಟಿಗೆ ಹೋದರೆ ಟೈರಿಗೆ 200 ಗ್ರಾಂ ಆಸುಪಾಸು ಜಾಸ್ತಿಯಾಗುತ್ತದೆ. ಅಂದರೆ ತೂಕದಲ್ಲಿ ಹೆಚ್ಚುಕಮ್ಮಿ ಒಂದು ಇನ್ಸರ್ಟ್‌ನಷ್ಟೇ.

ಆದರೆ ಆ 200 ಗ್ರಾಂ ಎಲ್ಲಿ ಕೂರುತ್ತದೆ ಅನ್ನುವುದು ಮುಖ್ಯ. ಗಟ್ಟಿ ಟೈರಿನಲ್ಲಿ ಅದು ಕಲ್ಲಿಗೆ ಎದುರಾಗಿ, ಪಕ್ಕದ ಗೋಡೆಯಲ್ಲಿ ಇರುತ್ತದೆ. ಮಣಿಪಾಲ, ಉಡುಪಿ ಕಡೆಯ ಮುರಕಲ್ಲಿನ ಅಂಚು ಗರಗಸದ ಥರ. ಅಲ್ಲಿ ಹಗುರ ಟೈರ್ ಮತ್ತು ಇನ್ಸರ್ಟ್ ಹಾಕಿಕೊಂಡು ಹೋದವರ ಟೈರ್ ಸೀಳಿದ್ದನ್ನು ನೋಡಿದ್ದೇನೆ. ಅವತಿಯಂಥ ಕಡೆ ಕಲ್ಲು ದುಂಡಗೆ, ಹಾಸುಬಂಡೆ ಜಾಸ್ತಿ. ಚೂಪಿಗಿಂತ ಗುದ್ದು ಜಾಸ್ತಿ. ಅಲ್ಲಿ ಹಗುರ ಟೈರಿಗೆ ತೆಳು ಇನ್ಸರ್ಟ್ ಸೇರಿಸಿದರೆ ಚೆನ್ನಾಗಿ ನಡೆಯುತ್ತದೆ. ಸಕಲೇಶಪುರದ ತೋಟದ ಮಣ್ಣಿಗೆ ಎರಡೂ ಬೇಡ, ಅಲ್ಲಿ ಬೇಕಾದದ್ದು ಕೆಸರು ಉದುರಿಸುವ ಎತ್ತರದ ಗುಬುಟಿನ ಟೈರ್.

ನನ್ನ ಅಭಿಪ್ರಾಯ ಹೇಳುವುದಾದರೆ, ಒಂದೇ ಆಯ್ಕೆಗೆ ದುಡ್ಡಿದ್ದರೆ ಹಿಂದಿನ ಚಕ್ರಕ್ಕೆ ಗಟ್ಟಿ ಟೈರ್ ತನ್ನಿ. ಹೇಗಿದ್ದರೂ ಟೈರ್ ಸವೆಯುತ್ತದೆ, ಹೊಸದು ಕೊಳ್ಳಲೇಬೇಕು. ಹಿಂದೆ ಸಸ್ಪೆನ್ಷನ್ ಇಲ್ಲದ ಹಾರ್ಡ್‌ಟೇಲ್ ಸೈಕಲ್ ಓಡಿಸುವವರಿಗೆ ಮಾತ್ರ ಇದರ ಜೊತೆಗೇ ತೆಳು ಇನ್ಸರ್ಟ್ ಕೂಡ ಸೇರಿಸಿ ಅನ್ನುತ್ತೇನೆ. ಅವರ ಹಿಂದಿನ ರಿಮ್ ಪ್ರತಿ ಗುದ್ದನ್ನೂ ಒಂಟಿಯಾಗಿ ತಿನ್ನುತ್ತದೆ. ದಪ್ಪ ಇನ್ಸರ್ಟ್ ರೇಸ್ ಮಾಡುವವರಿಗೆ, ಎತ್ತರದಿಂದ ಹಾರುವವರಿಗೆ ಇರಲಿ.

ಗಾಳಿ ವಿಚಾರ. ನನ್ನ ತೂಕಕ್ಕೆ ಇನ್ಸರ್ಟ್ ಇಲ್ಲದಾಗ ಮುಂದೆ 22, ಹಿಂದೆ 25 ಪಿಎಸ್‌ಐ. ತೆಳು ಇನ್ಸರ್ಟ್ ಹಾಕಿದ ಮೇಲೆ ಹಿಂದೆ 23. ದಪ್ಪದ್ದು ಇದ್ದಾಗ 21ರವರೆಗೆ ಇಳಿಸಿದ್ದೆ. ಇನ್ಸರ್ಟ್ ಇದೆ ಅಂತ ಒಂದೇ ಸಲ ಐದಾರು ಪಿಎಸ್‌ಐ ಇಳಿಸಬೇಡಿ, ಒಂದೊಂದೇ ಇಳಿಸಿ ನೋಡಿ. ಮನೆಯ ಪಂಪಿನ ಮೀಟರಿನ ಮುಳ್ಳು ಈ ಕಡಿಮೆ ಒತ್ತಡದಲ್ಲಿ ನಂಬಿಕೆಗೆ ಅರ್ಹವಲ್ಲ. ಒಂದು ಡಿಜಿಟಲ್ ಗೇಜ್ ತೆಗೆದುಕೊಳ್ಳಿ. ಎಷ್ಟೋ ಸಲ ‘ಟಣ್’ ಸದ್ದಿಗೆ ಅದೇ ಮದ್ದು.

ರಿಮ್ಮಿಗಿಂತ ಮೊಣಕಾಲು ದುಬಾರಿ

ಈಗ ಮೈಮೇಲೆ ಹಾಕುವ ಸಾಮಾನು. ಇಲ್ಲೂ ಅದೇ ಪಟ್ಟಿ ಬರೆಯಿರಿ: ಎಲ್ಲಿ ಪೆಟ್ಟಾಗಿದೆ? ನಮ್ಮ ಬಯಲುಸೀಮೆಯಲ್ಲಿ ಹೆಚ್ಚಿನವರು ಬೀಳುವುದು ಹಾಸುಬಂಡೆಯ ಮೇಲೆ ಹರಡಿದ ಗರಸಿನಲ್ಲಿ. ಮುಂದಿನ ಚಕ್ರ ಜಾರುತ್ತದೆ, ಪಕ್ಕಕ್ಕೆ ಬೀಳುತ್ತೇವೆ. ಮೊದಲು ಅಂಗೈ, ಆಮೇಲೆ ಮೊಣಕಾಲು, ಆಮೇಲೆ ಮೊಣಕೈ. ಅಂಗೈಯೊಳಗೆ ಹೊಕ್ಕ ಗರಸನ್ನು ನಲ್ಲಿ ಕೆಳಗೆ ಬ್ರಷ್‌ನಲ್ಲಿ ತಿಕ್ಕಿಸಿಕೊಂಡವರಿಗೆ ಕೈಗವಸಿನ ಬೆಲೆ ಹೇಳಿಕೊಡಬೇಕಾಗಿಲ್ಲ.

ಮೊಣಕಾಲಿನ ಪ್ಯಾಡ್‌ನಲ್ಲಿ ಎರಡು ಬಗೆ. ಗಟ್ಟಿ ಪ್ಲಾಸ್ಟಿಕ್ ಚಿಪ್ಪಿನದು, ಮತ್ತು ಬಟ್ಟೆಯ ತೋಳಿನೊಳಗೆ ಮೆತ್ತನೆ ಪ್ಯಾಡ್ ಇರುವುದು. ಡಿ3ಒ ಥರದ ಮೆತ್ತನೆ ಪ್ಯಾಡ್ ಮಾಮೂಲಿಯಾಗಿ ಬಾಗುತ್ತದೆ, ಜೋರಾಗಿ ಗುದ್ದಿದಾಗ ಮಾತ್ರ ಗಟ್ಟಿಯಾಗುತ್ತದೆ. ಚಿಪ್ಪಿನದು ಬಂಡೆಯ ಮೇಲೆ ಜಾರುತ್ತದೆ, ಹರಿಯುವುದಿಲ್ಲ. ಆದರೆ ಅದರಲ್ಲಿ ಒಂದು ಗಂಟೆ ತುಳಿದು ಹತ್ತುವುದು ಕಷ್ಟ.

ಲೇಬಲ್ ಮೇಲೆ ಇಎನ್ 1621-1 ಅಂತ ಇದೆಯಾ ನೋಡಿ. ಯುರೋಪಿನ ಈ ಮಾನದಂಡದಲ್ಲಿ ಒಂದು ತೂಕವನ್ನು ಪ್ಯಾಡ್ ಮೇಲೆ ಬೀಳಿಸಿ, ಆಚೆ ಬದಿಗೆ ಎಷ್ಟು ಬಲ ದಾಟಿತು ಅಂತ ಅಳೆಯುತ್ತಾರೆ. ಲೆವೆಲ್ 1ರಲ್ಲಿ ಸರಾಸರಿ 35 ಕಿಲೋನ್ಯೂಟನ್ ಒಳಗಿರಬೇಕು, ಲೆವೆಲ್ 2ರಲ್ಲಿ 20ರ ಒಳಗೆ. ಟಿ+ ಅನ್ನುವ ಗುರುತೂ ಇದ್ದರೆ 40 ಡಿಗ್ರಿ ಬಿಸಿಯಲ್ಲೂ ಪರೀಕ್ಷೆ ಆಗಿದೆ ಅಂತ ಅರ್ಥ. ಏಪ್ರಿಲ್‌ನಲ್ಲಿ ಓಡಿಸುವ ನಮಗೆ ಅದು ಬೇಕಾದ ಗುರುತು, ಯಾಕೆಂದರೆ ಇಂಥ ವಸ್ತುಗಳ ಗುಣ ಬಿಸಿಗೆ ಬದಲಾಗುತ್ತದೆ.

ನಾನು ಮೊದಲು ಕೊಂಡದ್ದು ಲೆವೆಲ್ 2ರ ದಪ್ಪ ಪ್ಯಾಡ್. ಬೆವರಿಗೆ ತೊಡೆ ಹಿಂದೆ ಉಜ್ಜಿ ಕೆಂಪಾಗುತ್ತಿತ್ತು. ಹಾಗಾಗಿ ಏರುವಾಗ ಬಿಚ್ಚಿ ಬ್ಯಾಗಿಗೆ ಕಟ್ಟುತ್ತಿದ್ದೆ. ಬಿದ್ದದ್ದು ಒಂದು ಏರಿನಲ್ಲೇ, ವೇಗವೇ ಇಲ್ಲದ ಜಾಗದಲ್ಲಿ. ಪ್ಯಾಡ್ ಬೆನ್ನ ಮೇಲಿತ್ತು. ಮೊಣಚಿಪ್ಪಿನ ಕೆಳಗೆ ನಾಲ್ಕು ಹೊಲಿಗೆ ಬಿತ್ತು. ಈಗ ತೆಳ್ಳನೆಯ ಲೆವೆಲ್ 1ರ ತೋಳು ಹಾಕುತ್ತೇನೆ. ಮನೆಯಲ್ಲಿ ಹಾಕಿಕೊಂಡರೆ ವಾಪಸ್ ಮನೆಗೆ ಬಂದೇ ತೆಗೆಯುವುದು. ಅಂಗಡಿಯಲ್ಲಿ ನಿಂತು ಅಳತೆ ನೋಡಬೇಡಿ. ಕುರ್ಚಿಯ ಮೇಲೆ ಕೂತು, ಕಾಲನ್ನು ಪೆಡಲ್ ತುಳಿದ ಹಾಗೆ ಇಪ್ಪತ್ತು ಸಲ ಆಡಿಸಿ. ಜಾರಿದರೆ, ಹಿಂದೆ ಮಡಚಿ ಚುಚ್ಚಿದರೆ ಅದು ಬೇಡ.

ಹೆಲ್ಮೆಟ್‌ನಲ್ಲಿ ಅರ್ಧ ಚಿಪ್ಪೋ, ಗಲ್ಲ ಮುಚ್ಚುವ ಫುಲ್‌ಫೇಸೋ ಅನ್ನುವುದು ಪ್ರಶ್ನೆ. ಅರ್ಧ ಚಿಪ್ಪು 300ರಿಂದ 400 ಗ್ರಾಂ. ಹಿಂದಲೆಯವರೆಗೆ ಇಳಿದಿರುವ ಟ್ರೇಲ್ ಮಾದರಿಯನ್ನೇ ತೆಗೆದುಕೊಳ್ಳಿ. ಒಳಗೆ ಹಳದಿ ಪದರದ ಮಿಪ್ಸ್ ಇದ್ದರೆ ಒಳ್ಳೆಯದು. ಸ್ವೀಡನ್ನಿನ ಈ ಏರ್ಪಾಡಿನಲ್ಲಿ, ತಲೆ ಓರೆಯಾಗಿ ಬಡಿದಾಗ ಹೆಲ್ಮೆಟ್ 10ರಿಂದ 15 ಮಿ.ಮೀ. ಜಾರಿ, ಮಿದುಳಿಗೆ ತಿರುಚುವ ಬಲ ಕಮ್ಮಿ ಮಾಡುತ್ತದೆ. ಫುಲ್‌ಫೇಸ್ ಬೇಕೆಂದರೆ ಎಎಸ್‌ಟಿಎಂ ಎಫ್1952 ಅನ್ನುವ ಡೌನ್‌ಹಿಲ್ ಮಾನದಂಡ ನೋಡಿ. ಮೋಟಾರ್ ಬೈಕಿನ ಹೆಲ್ಮೆಟ್ ಹಾಕಿ ಬೆಟ್ಟಕ್ಕೆ ಬರುವ ಹೊಸಬರನ್ನು ನೋಡುತ್ತೇನೆ. ದಯವಿಟ್ಟು ಬೇಡ. ಭಾರಕ್ಕೆ ಕುತ್ತಿಗೆ ಸೋಲುತ್ತದೆ, ಗಾಳಿ ಆಡುವುದಿಲ್ಲ, ಅರ್ಧ ದಾರಿಯಲ್ಲಿ ತಲೆ ಸುತ್ತುತ್ತದೆ. ಬಡಿದ ಹೆಲ್ಮೆಟನ್ನು ಹೊರಗೆ ಬಿರುಕು ಕಾಣದಿದ್ದರೂ ಬದಲಿಸಿ. ಒಳಗಿನ ಥರ್ಮಾಕೋಲ್ ಥರದ ಫೋಮ್ ಒಮ್ಮೆ ಅಮುಕಿದರೆ ಮತ್ತೆ ಉಬ್ಬುವುದಿಲ್ಲ.

ಶೂ ವಿಚಾರಕ್ಕೆ ಬಂದರೆ, ಶಿಮಾನೋ 1990ರಲ್ಲಿ ತಂದ, ಶೂವನ್ನು ಪೆಡಲಿಗೆ ಕಚ್ಚಿಸುವ ಎಸ್‌ಪಿಡಿ ಕ್ಲಿಪ್ ಏರುವುದಕ್ಕೆ ಚೆನ್ನ. ಚಪ್ಪಟೆ ಪೆಡಲ್ ಮತ್ತು ಅಂಟುವ ರಬ್ಬರಿನ ಶೂ ಕಾಲು ಕೆಳಗಿಡುವುದಕ್ಕೆ ಚೆನ್ನ. ಹೊಸಬರಿಗೆ ಎರಡನೆಯದೇ. ಓಟದ ಶೂ ಹಾಕಿ ಚಪ್ಪಟೆ ಪೆಡಲ್ ತುಳಿಯಬೇಡಿ. ಮೆತ್ತನೆ ಅಟ್ಟೆ ಬಾಗುತ್ತದೆ, ಕಾಲು ಜಾರಿ ಪೆಡಲಿನ ಮೊಳೆ ಮೀನಖಂಡದ ಮುಂಭಾಗಕ್ಕೆ ಕೆರೆಯುತ್ತದೆ.

ಮಲೆನಾಡಿಗೆ ಹೋಗುವವರಿಗೆ ಒಂದು ಮಾತು. ಜೂನ್‌ನಿಂದ ಅಕ್ಟೋಬರ್‌ವರೆಗೆ ಉಂಬಳ ಇರುತ್ತದೆ. ಚಿಕ್ಕ ಕಾಲುಚೀಲ ಅಲ್ಲಿ ಉಪಯೋಗಕ್ಕಿಲ್ಲ. ಮೊಣಕಾಲಿನವರೆಗೆ ಬರುವ ಒತ್ತು ನೇಯ್ಗೆಯ ಕಾಲುಚೀಲ ಹಾಕಿ, ಅದರ ಮೇಲೆ ಪ್ಯಾಡಿನ ತೋಳು ಎಳೆದುಕೊಳ್ಳಿ. ಪ್ಯಾಡ್ ಮತ್ತು ಕಾಲುಚೀಲದ ನಡುವೆ ಒಂದು ಇಂಚು ಚರ್ಮ ಕಂಡರೂ ಅದು ಅಲ್ಲೇ ಕಚ್ಚುತ್ತದೆ. ತೋಟದ ದಾರಿಗೆ ಮಾಲೀಕರ ಒಪ್ಪಿಗೆ, ಕಾಡಿನ ದಾರಿಗೆ ಅರಣ್ಯ ಇಲಾಖೆಯ ಅನುಮತಿ, ಎರಡನ್ನೂ ಹೋಗುವ ಮುಂಚೆಯೇ ಕೇಳಿಕೊಳ್ಳಿ.

ಹೊಸದಾಗಿ ಶುರು ಮಾಡುವ ಗೆಳೆಯರು ದುಡ್ಡನ್ನು ಯಾವ ಸಾಲಿನಲ್ಲಿ ಹಾಕಲಿ ಅಂತ ಕೇಳುತ್ತಾರೆ. ನಾನು ಹೇಳುವುದು: ಹೆಲ್ಮೆಟ್, ಪೂರ್ತಿ ಬೆರಳಿನ ಕೈಗವಸು, ಮೊಣಕಾಲಿನ ತೋಳು. ಆಮೇಲೆ ಟ್ಯೂಬ್‌ಲೆಸ್ ಮತ್ತು ಗೇಜ್. ಆಮೇಲೆ ಹಿಂದಿನ ಚಕ್ರಕ್ಕೆ ಗಟ್ಟಿ ಟೈರ್, ಆಮೇಲೆ ಶೂ. ಇನ್ಸರ್ಟ್ ಇವೆಲ್ಲ ಆದ ಮೇಲೆ, ಪಟ್ಟಿಯಲ್ಲಿ ‘ಟಣ್’ ಇನ್ನೂ ಉಳಿದಿದ್ದರೆ. ದಪ್ಪ ಇನ್ಸರ್ಟ್ ಹಾಕಲೇಬೇಕು ಅಂದರೆ ಮೊದಲ ಸಲ ಮನೆಯ ಅಂಗಳದಲ್ಲಿ, ಬ್ಯಾಗಿನಲ್ಲಿ ಒಯ್ಯುವ ಲಿವರ್‌ಗಳಿಂದಲೇ ಹಾಕಿ, ಅವುಗಳಿಂದಲೇ ಬಿಚ್ಚಿ ನೋಡಿ. ಅಂಗಳದಲ್ಲಿ ಆಗದಿದ್ದರೆ ಬೆಟ್ಟದ ಮೇಲೆ ಆಗುವುದಿಲ್ಲ.